ಬಡ್ಡಿಯ ನಿಯಮ ಎಲ್ಲಿರಬೇಕು?

ಪ್ರಶ್ನೆ: ಪತ್ತಿನ ಸಹಕಾರ ಸಂಘವೊಂದಕ್ಕೆ ತಂತ್ರಾಂಶ ಬರೆಯುವ ತಂಡದಲ್ಲಿದ್ದೇನೆ. ಸುಸ್ತಿ ಬಡ್ಡಿಯ ಲೆಕ್ಕ ಅರ್ಧ ಸ್ಟೋರ್ಡ್ ಪ್ರೊಸೀಜರ್‌ನಲ್ಲಿ (ಡೇಟಾಬೇಸ್‌ನೊಳಗೇ ಉಳಿಸಿಟ್ಟು ಓಡಿಸುವ ಕೋಡ್), ಅರ್ಧ ಪರದೆಯ ಕೋಡ್‌ನಲ್ಲಿದೆ. ಅದನ್ನು ಡೇಟಾಬೇಸ್‌ನಿಂದ ಬೇರ್ಪಡಿಸಬೇಕೆಂದು ಹಿರಿಯರೊಬ್ಬರು ಹೇಳಿದರೆ, ಡೇಟಾಬೇಸನ್ನು ಎಂದೂ ಬದಲಿಸದ ನಮಗೆ ಆ ಶ್ರಮವೇಕೆ ಎಂದು ಇನ್ನೊಬ್ಬರು ಕೇಳುತ್ತಾರೆ. ಯಾರ ಮಾತು ಸರಿ?
– ಓದುಗರು, ಹಾವೇರಿ

ಉತ್ತರ: ಡೇಟಾಬೇಸ್ ಬದಲಿಸುವ ಸಂದರ್ಭ ಅಪರೂಪವೆಂಬುದು ನಿಜ, ಆದರೆ ಬೇರ್ಪಡಿಸಲು ಅದು ಮುಖ್ಯ ಕಾರಣವಲ್ಲ. ಬದಲಾಗುವುದು ನಿಯಮ. ಆಡಳಿತ ಮಂಡಳಿ ಬಡ್ಡಿದರವನ್ನೋ ರಿಯಾಯಿತಿ ದಿನಗಳನ್ನೋ ಪರಿಷ್ಕರಿಸಿದಾಗ ಕೋಡನ್ನು ಒಂದೇ ಕಡೆ ತಿದ್ದಿ, ಲೆಕ್ಕ ಸರಿಯಿದೆಯೆಂದು ಕೂಡಲೇ ಪರೀಕ್ಷಿಸುವಂತಿರಬೇಕು.

ವಾಯಿದೆ ಮೀರಿದ ಅಸಲು 50,000 ರೂಪಾಯಿ, ಸುಸ್ತಿ ಬಡ್ಡಿ ವರ್ಷಕ್ಕೆ ಶೇ. 2, ಮೀರಿದ ದಿನಗಳು 20 ಎಂದುಕೊಳ್ಳಿ. ವರ್ಷಕ್ಕೆ 365 ದಿನ ಹಿಡಿದರೆ ಬಡ್ಡಿ 54.79 ರೂಪಾಯಿ. ಈ ಲೆಕ್ಕಕ್ಕೆ ಬೇಕಾದದ್ದು ಅಸಲು, ದರ ಮತ್ತು ದಿನಾಂಕಗಳಷ್ಟೇ. ಅವು ಯಾವ ಟೇಬಲ್‌ನಿಂದ ಬಂದವೆಂಬುದು ಅದಕ್ಕೆ ತಿಳಿಯಬೇಕಾಗಿಲ್ಲ. ಆದ್ದರಿಂದ ಅದನ್ನು ಸ್ವತಂತ್ರ ಫಂಕ್ಷನ್ (ಕೊಟ್ಟ ಮೌಲ್ಯಗಳಿಂದ ಫಲಿತಾಂಶ ಹೇಳುವ ಕೋಡ್ ತುಣುಕು) ಆಗಿ ಬರೆಯಿರಿ, 'ಇಂದಿನ ದಿನಾಂಕ'ವನ್ನೂ ಹೊರಗಿನಿಂದಲೇ ಕೊಡಿ. ಇಲ್ಲವಾದರೆ ಫೆಬ್ರವರಿ 29ರ ಲೆಕ್ಕವನ್ನು ಪರೀಕ್ಷಿಸಲು ಕಂಪ್ಯೂಟರಿನ ಗಡಿಯಾರವನ್ನೇ ತಿರುಗಿಸಬೇಕಾಗುತ್ತದೆ.

ಡೇಟಾಬೇಸ್‌ನಿಂದ ಸಾಲದ ವಿವರ ತರುವ, ಅದರಲ್ಲಿ ಉಳಿಸುವ ಕೆಲಸ ರೆಪೊಸಿಟರಿ ಎಂಬ ಪ್ರತ್ಯೇಕ ಕೋಡ್ ಭಾಗದ್ದು. ಅದರ ಇಂಟರ್‌ಫೇಸ್, ಅಂದರೆ ಅದನ್ನು ಕರೆಯುವ ವಿಧಾನ, ಹೇಗಿರಬೇಕೆಂದು ನಿಯಮಗಳ ಭಾಗವೇ ನಿರ್ಧರಿಸಬೇಕು, ಡೇಟಾಬೇಸ್‌ನ ಭಾಷೆಯಾದ ಎಸ್‌ಕ್ಯೂಎಲ್ ಅದರಾಚೆ ಉಳಿಯಬೇಕು. ತಂತ್ರಾಂಶ ತಜ್ಞ ಅಲಿಸ್ಟೇರ್ ಕೋಬರ್ನ್ 2005ರಲ್ಲಿ 'ಪೋರ್ಟ್ಸ್ ಅಂಡ್ ಅಡಾಪ್ಟರ್ಸ್' ಎಂದು ವಿವರಿಸಿದ ವಿನ್ಯಾಸದ ತಿರುಳು ಇದೇ.

ಆದರೆ ಎಲ್ಲವನ್ನೂ ಡೇಟಾಬೇಸ್‌ನಿಂದ ಹೊರತರುವುದು ಅಪಾಯಕರ, ಇದನ್ನು ಒತ್ತಿ ಹೇಳಬಯಸುತ್ತೇನೆ. ಖಾತೆಯಲ್ಲಿ 8,000 ರೂಪಾಯಿ ಇರುವಾಗ ಎರಡು ಕೌಂಟರ್‌ಗಳಿಂದ ಏಕಕಾಲಕ್ಕೆ ತಲಾ 5,000 ತೆಗೆಯಲು ಹೊರಟರೆ, ಶಿಲ್ಕು ಸಾಕೆಂಬ ಪರಿಶೀಲನೆ ನಿಮ್ಮ ಕೋಡ್‌ನಲ್ಲಿ ಎರಡು ಸಲವೂ ತೇರ್ಗಡೆಯಾಗಿ, ಇಲ್ಲದ ಹಣ ಪಾವತಿಯಾಗಬಹುದು. ಟ್ರಾನ್ಸಾಕ್ಷನ್ (ಪೂರ್ತಿಯಾಗಿ ಆಗಬೇಕಾದ, ಇಲ್ಲವೇ ಆಗಲೇಬಾರದ ಕೆಲಸಗಳ ಗುಂಪು) ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕೆಂಬುದನ್ನು ಹಣ ಪಾವತಿಸುವ ಕೋಡ್ ನಿರ್ಧರಿಸಲಿ, ಒಂದು ಪಾವತಿ ಮುಗಿಯುವವರೆಗೆ ಇನ್ನೊಂದು ಕಾಯುವಂತೆ ಟೇಬಲ್‌ನಲ್ಲಿ ಆ ಖಾತೆಯ ಸಾಲನ್ನು (ರೋ) ಲಾಕ್ ಮಾಡುವ ಹೊಣೆ ಡೇಟಾಬೇಸ್‌ಗಿರಲಿ. ರಸೀದಿ ಸಂಖ್ಯೆ ಎರಡು ಬಾರಿ ಬಾರದಂತೆ ತಡೆಯಲು ಯೂನಿಕ್ ನಿರ್ಬಂಧವೂ ಅಲ್ಲಿಯೇ ಇರಬೇಕು. ತಿಂಗಳ ಕೊನೆಯ ಮೊತ್ತಗಳಿಗೆ ಸಾವಿರಾರು ಖಾತೆಗಳನ್ನು ಒಂದೊಂದಾಗಿ ಮೆಮೊರಿಗೆ ತರಬೇಡಿ, ಡೇಟಾಬೇಸ್‌ನಲ್ಲೇ ಮೊತ್ತ ಕೇಳುವ ಒಂದು ಕ್ವೆರಿ ಸಾಕು.

ಇಡೀ ತಂತ್ರಾಂಶವನ್ನು ಒಮ್ಮೆಲೇ ಬದಲಿಸದೆ ಸುಸ್ತಿ ಬಡ್ಡಿಯೊಂದನ್ನೇ ಮೊದಲು ಬೇರ್ಪಡಿಸಿ. ಹಳೆಯ ಖಾತೆಗಳ ಮೇಲೆ ಹಿಂದಿನ ಪ್ರೊಸೀಜರನ್ನೂ ಹೊಸ ಫಂಕ್ಷನ್ನನ್ನೂ ಓಡಿಸಿ, ಫಲಿತಾಂಶವನ್ನು ಪೈಸೆಯವರೆಗೆ ಹೋಲಿಸಿ. ವ್ಯತ್ಯಾಸ ಕಂಡರೆ ಪೈಸೆಯನ್ನು ಯಾವ ಹಂತದಲ್ಲಿ ದುಂಡಾಗಿಸಲಾಗಿದೆಯೆಂದು ಮೊದಲು ನೋಡಿ, ಆಮೇಲೂ ಹೊಂದದ ಖಾತೆಗಳನ್ನು ಸಂಘದ ಲೆಕ್ಕಿಗರ ಮುಂದಿಡಿ. ಎರಡರಲ್ಲಿ ಯಾವ ಲೆಕ್ಕ ಸರಿಯೆಂದು ಹೇಳಬೇಕಾದವರು ಅವರು.