ಅಪ್ಪನ ಮಳೆ ಪುಸ್ತಕ

ನೀವು ಎರಡು ಮಾತು ಕೇಳಿದ್ದೀರಿ. ಅಪ್ಪನಿಂದ ಬಂದ, ಇವತ್ತಿಗೂ ದಿನಾ ಉಪಯೋಗಕ್ಕೆ ಬರುವ ಗುಣ ಯಾವುದು ಅನ್ನುವುದು ಒಂದು. ನಮ್ಮಪ್ಪ ಕೂರಿಸಿಕೊಂಡು ಏನನ್ನೂ ಹೇಳಿಕೊಟ್ಟವರಲ್ಲ, ಹಾಗಿರುವಾಗ ಅವರ ಪ್ರಭಾವ ನನ್ನ ಮೇಲಿದೆ ಅಂತ ತಿಳಿಯುವುದು ಹೇಗೆ ಅನ್ನುವುದು ಇನ್ನೊಂದು. ನನ್ನ ಅಪ್ಪನೂ ಕೂರಿಸಿಕೊಂಡು ಹೇಳಿಕೊಟ್ಟವರಲ್ಲ. ಆದರೂ ಅವರಿಂದ ಬಂದದ್ದೇನು ಅಂತ ನನಗೆ ಖಚಿತವಾಗಿ ಗೊತ್ತಿದೆ. ನೋಡಿದ್ದನ್ನು ನೋಡಿದೆ ಅಂತಲೂ ನೋಡದೇ ಇದ್ದದ್ದನ್ನು ನೋಡಿಲ್ಲ ಅಂತಲೂ ಬರೆಯುವುದು, ಅಷ್ಟೇ. ನಾನು ಮೈಸೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ನನ್ನ ಕೆಲಸ ಪೂರ್ತಿ ಈ ಒಂದು ಅಭ್ಯಾಸದ ಮೇಲೆ ನಿಂತಿದೆ. ನರ್ಸಿಂಗ್ ಕಾಲೇಜು ಸೇರುವ ಎಷ್ಟೋ ವರ್ಷ ಮೊದಲೇ, ಕೊಡಗಿನ ಮಾದಾಪುರದ ಕಡೆಯ ನಮ್ಮ ಐದೆಕರೆ ಕಾಫಿ ತೋಟದಲ್ಲಿ ಅದು ನನಗೆ ಬಂದಿತ್ತು.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದಿಂಚು, ಅಂದರೆ 25.4 ಮಿಲಿಮೀಟರ್. ಹವಾಮಾನ ಇಲಾಖೆ ಮಿಲಿಮೀಟರ್ ಅಂದರೂ ತೋಟದವರ ಬಾಯಲ್ಲಿ ಇಂಚೇ ಉಳಿದಿದೆ. ಮಳೆಗಾಲದ ಬೆಳಿಗ್ಗೆ ಇಬ್ಬರು ಬೆಳೆಗಾರರು ಫೋನಿನಲ್ಲಿ ಸಿಕ್ಕಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು?" ಅಂತ. ಏನು ಎಷ್ಟು ಅಂತ ಯಾರೂ ಕೇಳುವುದಿಲ್ಲ. "ಎರಡೂ ಕಾಲು", "ಎಪ್ಪತ್ತು ಸೆಂಟು", ಹೀಗೆ ಉತ್ತರ ಬರುತ್ತದೆ.

ಅಪ್ಪ ಮದುವೆಗೆ ಮೊದಲು ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ಬರೆಯುವುದು, ಗೊಬ್ಬರದ ಲೆಕ್ಕ ಇಡುವುದು, ಬೆಳಿಗ್ಗೆ ಮಳೆ ಅಳೆಯುವ ರೈನ್‌ಗೇಜ್ ನೋಡುವುದು ಅವರ ಕೆಲಸ. ಅಣ್ಣತಮ್ಮಂದಿರಲ್ಲಿ ಆಸ್ತಿ ಪಾಲಾಗಿ ತಮ್ಮ ಭಾಗದ ತೋಟ ಕೈಗೆ ಬಂದಾಗ ಕೆಲಸ ಬಿಟ್ಟು ಬಂದರು. ಮನೆಗೆ ಹೊಸ ಹೆಂಚು ಹಾಕಿಸುವ ಮೊದಲೇ ಒಂದು ರೈನ್‌ಗೇಜ್ ತಂದು ಕಣದ ಆಚೆ ಬಯಲಿನಲ್ಲಿ ನೆಟ್ಟರಂತೆ. ಅವ್ವ ಈಗಲೂ ಅದನ್ನು ಹೇಳುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದು, ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಒಳಗೆ ಬಂದು ಕೈ ಒರೆಸಿಕೊಂಡು ಬರೆಯುತ್ತಿದ್ದರು. ಬರೆದ ಮೇಲೆಯೇ ಎರಡನೇ ಕಾಫಿ.

ಈ ಸಂಖ್ಯೆ ಬರೀ ಹವ್ಯಾಸಕ್ಕಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಬೀಳುವ ಹೂಮಳೆ ರೊಬಸ್ಟಾ ಕಾಫಿಯ ಇಡೀ ವರ್ಷದ ಫಸಲನ್ನು ತೀರ್ಮಾನ ಮಾಡುತ್ತದೆ. ಒಂದಿಂಚಿನಷ್ಟು ಒಟ್ಟಿಗೆ ಬಿದ್ದರೆ ವಾರ, ಹತ್ತು ದಿನದೊಳಗೆ ತೋಟವೆಲ್ಲ ಹೂವಿನಿಂದ ಬೆಳ್ಳಗಾಗುತ್ತದೆ. ಇಪ್ಪತ್ತು, ಮೂವತ್ತು ಸೆಂಟು ಬಿದ್ದು ನಿಂತುಬಿಟ್ಟರೆ ಮೊಗ್ಗು ಅರೆಬರೆ ಎದ್ದು, ಬಣ್ಣ ತಿರುಗಿ, ಅರಳದೆ ಹಾಳಾಗುತ್ತದೆ. ಆಗ ಕೆರೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕಬೇಕು. ಡೀಸೆಲ್ಲಿಗೆ ದುಡ್ಡು ಸುರಿಯಬೇಕೋ ಬೇಡವೋ ಅನ್ನುವುದು ಆ ಗಾಜಿನ ಗೀಟಿನ ಮೇಲೆ ನಿಂತಿರುತ್ತದೆ. ಹೂ ಕಟ್ಟಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ನಿಲ್ಲಲು ಎರಡನೇ ಮಳೆ ಬೇಕು, ಅದಕ್ಕೂ ಇದೇ ಲೆಕ್ಕ. "ಒಳ್ಳೆ ಮಳೆ ಬಂತು" ಅಂತ ಯಾರಾದರೂ ಅಂದರೆ ಅಪ್ಪ ತಲೆಯಾಡಿಸುತ್ತಿದ್ದರು, ಆದರೆ ಪಂಪಿನ ವಿಚಾರ ಆ ಮಾತಿನ ಮೇಲೆ ತೀರ್ಮಾನವಾಗುತ್ತಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಪ್ಪನ ಪುಸ್ತಕದಲ್ಲಿ ಮಳೆ ಇಲ್ಲದ ದಿನಕ್ಕೆ ಸೊನ್ನೆ ಇರುತ್ತಿತ್ತು. ನೋಡಲು ಆಗದ ದಿನಕ್ಕೆ ಅಡ್ಡ ಗೆರೆ. ನೆಂಟರ ಮದುವೆಗೆ ಹೋಗಿ ರಾತ್ರಿ ಉಳಿದು ಬಂದರೆ ತಪ್ಪಿದ ದಿನಕ್ಕೆ ಗೆರೆ ಎಳೆದು, ಮರುದಿನದ ಸಂಖ್ಯೆಯ ಪಕ್ಕ "ಎರಡು ದಿನದ್ದು ಸೇರಿ" ಅಂತ ಬರೆಯುತ್ತಿದ್ದರು. ಒಮ್ಮೆ ನಾಯಿ ನುಗ್ಗಿ ಬಾಟಲಿ ಉರುಳಿತು. ರಾತ್ರಿ ಜೋರು ಮಳೆ ಬಂದದ್ದು ಎಲ್ಲರಿಗೂ ಗೊತ್ತು, ಹೆಂಚಿನ ಮೇಲಿನ ಸದ್ದಿಗೆ ನಿದ್ದೆಯೇ ಇರಲಿಲ್ಲ. ಪಕ್ಕದ ತೋಟದಲ್ಲಿ ಮೂರೂ ಚಿಲ್ಲರೆ ಇಂಚು ಅಂತ ಸುದ್ದಿಯೂ ಬಂತು. "ಅಷ್ಟೇ ಬರ್ಕೊಳ್ಳಿ, ಬೇಲಿ ಆಚೆ ಬಿದ್ದದ್ದು ಇಲ್ಲಿ ಬಿದ್ದಿರಲ್ವಾ" ಅಂತ ಅವ್ವ ಅಂದರು. ಅಪ್ಪ ಗೆರೆಯೇ ಎಳೆದರು. "ಬಿದ್ದಿರುತ್ತೆ. ನಾನು ಅಳೆದಿಲ್ಲ" ಅಂದರು. ಅವ್ವನಿಗೆ ಸಿಟ್ಟೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಪಾತ್ರೆ ಎತ್ತಿಕೊಂಡು ಹೋದರು.

ಅದೇ ಥರ ಕಣದ ಬದಿಯ ಸಿಲ್ವರ್ ಓಕ್ ಎತ್ತರಕ್ಕೆ ಬೆಳೆದು ಗಾಳಿಮಳೆಗೆ ಅಡ್ಡ ಬರುತ್ತಿದೆ ಅನಿಸಿದಾಗ ರೈನ್‌ಗೇಜನ್ನು ಕಿತ್ತು ಇನ್ನಷ್ಟು ಬಯಲಿಗೆ ಸರಿಸಿದರು. ಸರಿಸಿದ ತಾರೀಕು, ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟರು. ಆ ಪುಸ್ತಕವನ್ನು ಇನ್ನೊಬ್ಬರು ಓದುತ್ತಾರೆ ಅಂತ ಅವರಿಗೆ ಆಗ ಯಾರೂ ಹೇಳಿರಲಿಲ್ಲ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪ ಊರಲ್ಲಿ ಇಲ್ಲದ ದಿನ ನೋಡುವ ಕೆಲಸ ನನಗೆ ಬಂತು. ಸಂಖ್ಯೆ ಬರೆದು ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕಬೇಕಿತ್ತು. ಅವ್ವ ನೋಡಿದರೆ ಅವ್ವನ ಅಕ್ಷರ. ಊರಿಂದ ಬಂದ ಅಪ್ಪ ಪುಸ್ತಕ ತೆಗೆದು ನನ್ನ ಸಾಲು ಓದಿ, ಮುಂದಿನ ಸಾಲಿನಿಂದ ತಮ್ಮದನ್ನು ಶುರು ಮಾಡುತ್ತಿದ್ದರು. ಸರಿಯಾಗಿ ನೋಡಿದ್ಯಾ ಅಂತ ಒಂದು ಸಲವೂ ಕೇಳಲಿಲ್ಲ. ಒಂಬತ್ತು ವರ್ಷದ ಮಗುವಿನ ಮಾತನ್ನು ಒಬ್ಬ ದೊಡ್ಡ ಮನುಷ್ಯ ತನ್ನ ಮಾತಿನಷ್ಟೇ ತೂಕದ್ದು ಅಂತ ಬರಹದಲ್ಲಿ ಒಪ್ಪಿಕೊಂಡದ್ದು ನನ್ನ ಮೇಲೆ ಏನು ಮಾಡಿತು ಅಂತ ಹೇಳುವುದು ಕಷ್ಟ. ಆಮೇಲೆ ಎಷ್ಟೋ ಪ್ರಮಾಣಪತ್ರಗಳು ಬಂದಿವೆ. ಯಾವುದೂ ಅಷ್ಟು ದೊಡ್ಡದು ಅನಿಸಿಲ್ಲ.

ನನ್ನ ವಾರ್ಡಿನಲ್ಲಿ ಪ್ರತಿ ರೋಗಿಗೂ ಇನ್‌ಟೇಕ್–ಔಟ್‌ಪುಟ್ ಚಾರ್ಟ್ ಇರುತ್ತದೆ. ಒಳಗೆ ಹೋದ ಡ್ರಿಪ್, ಔಷಧಿ, ಹಾಲು, ಹೊರಗೆ ಬಂದ ಮೂತ್ರ, ಎಲ್ಲವನ್ನೂ ಮಿಲಿಲೀಟರಿನಲ್ಲಿ ಬರೆಯಬೇಕು. ದೊಡ್ಡವರಿಗೆ ಗಂಟೆಗೆ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರಾದರೂ ಮೂತ್ರ ಬರಬೇಕು, ಅರವತ್ತು ಕಿಲೋದವರಿಗೆ ಸುಮಾರು ಮೂವತ್ತು. ಸತತವಾಗಿ ಅದಕ್ಕಿಂತ ಕೆಳಗಿಳಿದರೆ ರಕ್ತದೊತ್ತಡ, ಕಿಡ್ನಿ, ಸೋಂಕು ಅಂತ ಯೋಚನೆ ಶುರುವಾಗುತ್ತದೆ. ಇಂಥ ಚಾರ್ಟಿನಲ್ಲಿ ಸೊನ್ನೆ ಅಂದರೆ ಬಹಳ ದೊಡ್ಡ ಮಾತು. ನೋಡಿದೆ, ಟ್ಯೂಬು ಮಡಚಿಲ್ಲ ಅಂತ ಖಾತ್ರಿ ಮಾಡಿಕೊಂಡೆ, ಆದರೂ ಏನೂ ಬಂದಿಲ್ಲ ಅಂತ ಅದರ ಅರ್ಥ. ಕೈತುಂಬ ಕೆಲಸವಿದ್ದು ಆ ಗಂಟೆ ನೋಡಲು ಆಗದಿದ್ದರೆ ಅಲ್ಲಿ ಸೊನ್ನೆ ಬರೆಯುವ ಹಾಗಿಲ್ಲ, ಹಿಂದಿನ ಗಂಟೆಯದನ್ನೇ ನೋಡಿ ಅಂದಾಜಿಗೆ ಮೂವತ್ತು ಬರೆಯುವ ಹಾಗೂ ಇಲ್ಲ. ಡಾಕ್ಟರು ಆ ಸಂಖ್ಯೆ ನೋಡಿ ನೀರು ಏರಿಸುತ್ತಾರೆ, ಇಲ್ಲವೇ ನೀರು ಇಳಿಸುವ ಇಂಜೆಕ್ಷನ್ ಬರೆಯುತ್ತಾರೆ. ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ: ನೋಡದ ಗಂಟೆಗೆ ಗೆರೆ ಎಳೆದು, ಮುಂದಿನದಕ್ಕೆ ಎರಡು ಗಂಟೆಯದು ಅಂತ ಬರೆದು ಸಹಿ ಹಾಕಿ. ಇದು ಎಲ್ಲಿಯದು ಅಂತ ನಿಮಗೆ ಈಗ ಗೊತ್ತು.

ಆಗಸ್ಟಿನಲ್ಲಿ ನಮ್ಮ ಕಡೆಯ ರೋಗಿಗಳು ಬಂದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ನೇರಳೆ ಬಣ್ಣದ ಆ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುತ್ತದೆ. ಗೊತ್ತಿಲ್ಲದವರು ರಕ್ತ ಅಂತ ಗಾಬರಿಯಾಗುತ್ತಾರೆ. ನಾನು ಪಾಯಸ ತಿಂದಿರಾ ಅಂತ ಕೇಳುತ್ತೇನೆ, ಹೌದು ಅಂದರೆ ಅದನ್ನು ಬರೆದುಕೊಳ್ಳುತ್ತೇನೆ, ಆದರೂ ಪರೀಕ್ಷೆಗೆ ಕಳಿಸುತ್ತೇನೆ. ಪಾಯಸ ತಿಂದವರಿಗೂ ಕಿಡ್ನಿಯಲ್ಲಿ ಕಲ್ಲು ಇರಬಹುದು.

ದುಡ್ಡಿನ ವಿಷಯದಲ್ಲೂ ಅಪ್ಪ ಹೀಗೇ. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು ಮಾರುವಾಗ ನಮ್ಮಲ್ಲಿ ಓಟಿ (ಔಟ್‌ಟರ್ನ್) ನೋಡುತ್ತಾರೆ. ಐವತ್ತು ಕಿಲೋ ಒಣ ಚೆರಿಯನ್ನು ಹಲ್ಲಿಂಗ್ ಮಾಡಿ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೆ ಅನ್ನುವ ಲೆಕ್ಕ ಅದು. ಅಪ್ಪ ವ್ಯಾಪಾರಿಯ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಸ್ವಲ್ಪ ಚೆರಿ ಒಡೆದು ತೂಗಿ ನೋಡಿಕೊಳ್ಳುತ್ತಿದ್ದರು. ಕುಯ್ಲಿನ ಸಮಯದಲ್ಲಿ ಹಣ್ಣು ತೂಗುವಾಗ ತಕ್ಕಡಿಯ ಮುಖ ಯಾವಾಗಲೂ ಕೊಯ್ದವರ ಕಡೆಗಿರುತ್ತಿತ್ತು. ತಮ್ಮ ಪುಸ್ತಕದಲ್ಲಿ ಬರೆದದ್ದನ್ನು ಅವರ ಚೀಟಿಯಲ್ಲೂ ಬರೆದು ಕೊಡುತ್ತಿದ್ದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಬೆಲೆ ಏರಿದಾಗ ಅಕ್ಕಪಕ್ಕದಲ್ಲಿ ಹೊಸ ಜೀಪುಗಳು ಬಂದವು. ನಮ್ಮಲ್ಲಿ ಬರಲಿಲ್ಲ. 2001, 2002ರ ಹೊತ್ತಿಗೆ ಬೆಲೆ ನೆಲ ಕಚ್ಚಿದಾಗಲೂ ಆಳುಗಳ ವಾರದ ಬಟವಾಡೆ ನಿಲ್ಲಲಿಲ್ಲ.

2018ರ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಆ ವರ್ಷ ಜೂನ್‌ನಿಂದಲೇ ಬಿಡದೆ ಸುರಿದಿತ್ತು. ಆಗಸ್ಟ್ ಹತ್ತರ ಸುಮಾರಿಗೆ ಅಪ್ಪ ಹಳೆಯ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರಂತೆ. ಜೂನ್ ಒಂದರಿಂದ ಆವತ್ತಿನವರೆಗೆ ಅಷ್ಟು ಮಳೆ ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ. ಆಳುಗಳು ಇರುವ ಲೈನ್ ಮನೆಯ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಯಾವತ್ತೂ ನೀರಿಲ್ಲದ ಜಾಗದಲ್ಲಿ, ಹೊಸ ಒರತೆ ಒಡೆದು ಕೆಮ್ಮಣ್ಣಿನ ನೀರು ಬರುತ್ತಿತ್ತು. ಸ್ವಾತಂತ್ರ್ಯ ದಿನಕ್ಕೆ ಎರಡು ದಿನ ಮೊದಲು ಅಲ್ಲಿದ್ದ ಮೂರು ಕುಟುಂಬಗಳನ್ನೂ ಖಾಲಿ ಇದ್ದ ಕಾಫಿ ಗೋಡೌನಿಗೆ ಕರೆತಂದರು. ಕೋಳಿ, ಪಾತ್ರೆ, ಸೌದೆ ಸಮೇತ. ಪಕ್ಕದ ತೋಟದವರು ಅತಿಯಾಯಿತು ಅಂದರಂತೆ. ಹದಿನಾರು, ಹದಿನೇಳರಂದು ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ನಮಗೆ ಹತ್ತಿರದ ಹಟ್ಟಿಹೊಳೆ ಕಡೆಯೆಲ್ಲ ಗುಡ್ಡಗಳು ಜಾರಿದವು. ತೋಟ, ಮನೆ, ರಸ್ತೆ ಎಲ್ಲ ಹೋಯಿತು. ಫೋನು ಸತ್ತಿತ್ತು, ನಾನು ಮೈಸೂರಿನಲ್ಲಿ ಡ್ಯೂಟಿಯ ಮೇಲಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಬರೆ ಬೀಳಲಿಲ್ಲ. ಇವತ್ತಿಗೂ ನಿಂತಿದೆ. ಮಳೆ ಇಳಿದ ಮೇಲೆ ಗೋಡೌನಿನಲ್ಲಿದ್ದ ಹಿರಿಯರೊಬ್ಬರು, "ಏನೂ ಆಗ್ಲಿಲ್ವಲ್ಲ ಅಯ್ಯಾ, ಸುಮ್ನೆ ಬಂದ್ವಾ?" ಅಂತ ಕೇಳಿದರಂತೆ. "ಬೀಳುತ್ತೆ ಅಂತ ನಾನು ಹೇಳಿರ್ಲಿಲ್ಲ. ಬೀಳಲ್ಲ ಅಂತ ಹೇಳೋಕೆ ನನ್ನತ್ರ ಏನೂ ಇರ್ಲಿಲ್ಲ" ಅಂತ ಅಪ್ಪ ಅಂದರು. ಮುಂದಿನ ವರ್ಷ ಜುಲೈನಲ್ಲಿ ಮತ್ತೆ ಗೋಡೌನು ತೆರೆದರು. ಅದರ ನಂತರದ ಬೇಸಿಗೆಯಲ್ಲಿ ಕಣದ ಪಕ್ಕದ ಸಮತಟ್ಟು ಜಾಗದಲ್ಲಿ ಮೂರು ಹೊಸ ಮನೆ ಕಟ್ಟಿಸಿದರು. ಬ್ಯಾಂಕಿನ ಸಾಲದ ಒಂದು ಭಾಗವನ್ನು ನನ್ನ ಸಂಬಳದಿಂದ ಕಟ್ಟುತ್ತಿದ್ದೇನೆ. ಇಷ್ಟು ಸಂತೋಷದಿಂದ ನಾನು ಬೇರೆ ಯಾವ ಕಂತನ್ನೂ ಕಟ್ಟಿಲ್ಲ.

ಅಪ್ಪನ ಪ್ರಭಾವ ಇದೆ ಅಂತ ತಿಳಿಯುವುದು ಹೇಗೆ ಅಂತ ಕೇಳಿದ್ದಿರಿ. ಅವರು ಆಡಿದ ಮಾತುಗಳಲ್ಲಿ ಹುಡುಕಬೇಡಿ. ಯಾರೂ ನೋಡದಾಗ ನೀವು ಯಾವ ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲವೋ ಅದನ್ನು ಗಮನಿಸಿ. ಅದನ್ನು ಮೊದಲು ಯಾರು ಮಾಡುವುದನ್ನು ನೋಡಿದೆ ಅಂತ ನೆನಪು ಮಾಡಿಕೊಳ್ಳಿ. ನಿಮ್ಮ ತಂದೆ ಇನ್ನೂ ಇದ್ದರೆ ಅವರ ಹಳೆಯ ಡೈರಿ, ಪಾಸ್‌ಬುಕ್, ಲೆಕ್ಕದ ಪುಸ್ತಕ ಯಾವುದಾದರೂ ಇದೆಯಾ ಕೇಳಿ ನೋಡಿ. ಮಾತು ಕಡಿಮೆ ಇರುವ ಗಂಡಸರು ಎಷ್ಟೋ ಸಲ ಅಂಥ ಕಡೆ ಧಾರಾಳವಾಗಿ ಬರೆದಿರುತ್ತಾರೆ. ನಮ್ಮ ಅಪ್ಪನ ಮಳೆ ಪುಸ್ತಕದ ಅಂಚಿನಲ್ಲಿ ನಾನು ಹುಟ್ಟಿದ ದಿನದ ಹೊತ್ತು, ಅವ್ವನಿಗೆ ಜ್ವರ ಬಂದದ್ದು, ನನ್ನ ತಮ್ಮ ಮೊದಲ ಸಲ ನಡೆದದ್ದು, ಎಲ್ಲ ಇದೆ. ನಾನು ಹುಟ್ಟಿದ ದಿನ ನಲವತ್ತು ಸೆಂಟು.

ಈಗ ತೋಟ ನೋಡಿಕೊಳ್ಳುವುದು ತಮ್ಮ. ದಿನದ ಮಳೆಯನ್ನು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಹಳೆಯ ಪುಸ್ತಕಗಳ ಹಾಳೆಗಳಿಗೆ ಹುಳ ಹಿಡಿಯುತ್ತಿದೆ ಅಂತ ನಾವಿಬ್ಬರೂ ಅವುಗಳನ್ನು ಕಂಪ್ಯೂಟರಿಗೆ ಏರಿಸಲು ಶುರು ಮಾಡಿದೆವು. ಮೊದಲ ಕೆಲವು ವರ್ಷ ಮುಗಿಸಿ, ತಿಂಗಳ ಸರಾಸರಿ ತೆಗೆದು ಅಪ್ಪನಿಗೆ ತೋರಿಸಿದೆವು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ನಾಯಿ ಬೀಳಿಸಿದ ದಿನ ಎಲ್ಲಿ?" ಅಂತ ಕೇಳಿದರು. ಸಂಖ್ಯೆ ಮಾತ್ರ ಬೇಕು ಅಂತ ತಮ್ಮ ಹಾಕಿದ್ದ ಸೂತ್ರ ಗೆರೆಗಳನ್ನೆಲ್ಲ ಸೊನ್ನೆಯಾಗಿ ತಿರುಗಿಸಿತ್ತು. ಅಷ್ಟಕ್ಕೇ ಆ ತಿಂಗಳುಗಳ ಸರಾಸರಿ ಇಳಿದಿತ್ತು. ತಮ್ಮ ಅಲ್ಲೇ ಕೂತು ಸರಿಪಡಿಸಿದ. ಅಪ್ಪ ಪುಸ್ತಕ ಹಿಡಿದು ಒಂದೊಂದೇ ಗೆರೆಯ ತಾರೀಕು ಓದುತ್ತಾ ಹೋದರು, ಕಾರಣ ಸಮೇತ. ಈಗ ಅದಕ್ಕೆ ಬೇರೆಯೇ ಒಂದು ಕಾಲಂ ಇದೆ. 2003ರವರೆಗೆ ಮುಗಿದಿದೆ, ಉಳಿದದ್ದನ್ನು ಮುಂದಿನ ರಜೆಗೆ ಹೋದಾಗ ಮಾಡಬೇಕು.