ಬೋರ್ದೋ ಕೆಂಪು ವೈನ್, ನಮ್ಮೂರ ಸೆಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಆಗಾಗ ಸೇರುತ್ತೇವೆ. ಈ ಸಲ ಫ್ರಾನ್ಸಿನ ಬೋರ್ದೋ ಪ್ರದೇಶದ ಕೆಂಪು ವೈನ್‌ಗಳನ್ನು, ಎಲ್ಲವೂ ಒಂದೇ ವರ್ಷದ ಬೆಳೆಯವು, ಪಕ್ಕಪಕ್ಕ ಇಟ್ಟು ರುಚಿ ನೋಡಬೇಕೆಂದಿದ್ದೇವೆ. ಬಾಟಲಿಗೆ 3,000 ರೂಪಾಯಿ ಮೀರಬಾರದು. ಯಾವ ವರ್ಷ, ಯಾವ ಬಾಟಲಿ, ಎಷ್ಟು ಕೊಳ್ಳಬೇಕು?
— ಮಾಟುಂಗಾ, ಮುಂಬೈ

ಉತ್ತರ: 2022 ತೆಗೆದುಕೊಳ್ಳಿ. ಆ ಬೇಸಿಗೆ ಬೋರ್ದೋದಲ್ಲಿ ಬಿಸಿಲು ವಿಪರೀತ, ಮಳೆ ಕಡಿಮೆ. ಕಾಯಿ ಸಣ್ಣದಾಯಿತು, ಸಿಪ್ಪೆ ದಪ್ಪವಾಯಿತು. ಬಣ್ಣವೂ ಒಗರೂ ಹೆಚ್ಚಾಗಿ ಸಿಪ್ಪೆಯಿಂದಲೇ ಬರುವುದರಿಂದ ಅಗ್ಗದ ಬಾಟಲಿಗಳಲ್ಲೂ ತುಂಬಿದ ರುಚಿ ಸಿಗುತ್ತದೆ. 2021 ಇದಕ್ಕೆ ಪೂರಾ ವಿರುದ್ಧ. ಏಪ್ರಿಲ್‌ನ ಕಡುಚಳಿಗೆ ಚಿಗುರು ಕರಟಿತು, ಆಮೇಲೆ ಡೌನಿ ಎಂಬ ಬೂಷ್ಟು ರೋಗ ಬಂತು (ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರ ನಿದ್ದೆ ಕೆಡಿಸುವ ಅದೇ ಡೌನಿ), ಬೇಸಿಗೆಯೂ ತಂಪಾಗಿಯೇ ಕಳೆಯಿತು. ದೊಡ್ಡ ಶಾತೋಗಳು (ವೈನ್ ಮಾಡುವ ತೋಟಗಳು) ಕೆಟ್ಟ ಗೊಂಚಲು ಆರಿಸಿ ತೆಗೆದು ಹೇಗೋ ಸುಧಾರಿಸಿಕೊಂಡವು. ಕಡಿಮೆ ಬೆಲೆಗೆ ಮಾರುವವರಿಗೆ ಅಷ್ಟು ಕೂಲಿ ಗಿಟ್ಟುವುದಿಲ್ಲ. ಹಾಗಾಗಿ ಆ ವರ್ಷದ ಅಗ್ಗದ ವೈನ್‌ಗಳಲ್ಲಿ ಹಸಿ ದೊಣ್ಣೆಮೆಣಸಿನ ವಾಸನೆ ಮುಂದೆ ನಿಲ್ಲುತ್ತದೆ. 2023 ಇವೆರಡರ ನಡುವಿನದು, ಒಂದು ತೋಟ ಚೆನ್ನಾಗಿದ್ದರೆ ಪಕ್ಕದ್ದು ಸಪ್ಪೆ.

ಆರು ಮಂದಿಗೆ ನಾಲ್ಕು ಬಾಟಲಿ ಸಾಕು. ತಲೆಗೆ 2,000 ರೂಪಾಯಿ ಬೀಳುತ್ತದೆ. ಮೊದಲನೆಯದು ಲೇಬಲ್ ಮೇಲೆ ಬರೀ ಬೋರ್ದೋ ಅಥವಾ ಬೋರ್ದೋ ಸುಪೆರಿಯರ್ ಎಂದಿರುವುದು. ಹಲವು ಬೆಳೆಗಾರರ ದ್ರಾಕ್ಷಿಯಿಂದ ಮಾಡುವ ಮೂತೋಂ ಕಾದೆಯಂಥ ಬ್ರ್ಯಾಂಡ್ ಕೂಡ ಆಗುತ್ತದೆ. ಎರಡನೆಯದು ಕೋತ್ ದ ಬೋರ್ದೋ, ಜತೆಗೆ ಬ್ಲಾಯ್ ಅಥವಾ ಕಾಸ್ತಿಯೋಂ ಎಂಬ ಹೆಸರಿರಲಿ. ಮೂರನೆಯದು ಬಲದಂಡೆಯ, ಅಂದರೆ ಬೋರ್ದೋದ ನದಿಯ ಬಲಬದಿಯ, ಫ್ರೋಂಸಾಕ್ ಅಥವಾ ಲುಸ್ಸಾಕ್ ಸ್ಯಾಂತೆಮಿಲಿಯೋಂ. ನಾಲ್ಕನೆಯದು ಎಡದಂಡೆಯ ಮೆದೋಕ್ ಅಥವಾ ಒ-ಮೆದೋಕ್. ಮೊದಲ ಮೂರರಲ್ಲಿ ಸಾಮಾನ್ಯವಾಗಿ ಮೆರ್ಲೋ ದ್ರಾಕ್ಷಿಯದೇ ಮೇಲುಗೈ, ನಾಲ್ಕನೆಯದರಲ್ಲಿ ಕ್ಯಾಬರ್ನೆ ಸೊವಿನ್ಯೋಂ ಪಾಲು ಹೆಚ್ಚು. ಬಲದಂಡೆಯ ಜೇಡಿ ಮತ್ತು ಸುಣ್ಣಕಲ್ಲಿನ ನೆಲ 2022ರ ಬರದಲ್ಲೂ ಬೇರಿಗೆ ನೀರು ಉಳಿಸಿಕೊಟ್ಟಿತು. ಎಡದಂಡೆಯದು ಹೆಚ್ಚಾಗಿ ಗರಸು ನೆಲ. ಗರಸಿನಲ್ಲಿ ನೀರು ನಿಲ್ಲುವುದಿಲ್ಲ, ಅಲ್ಲಿನ ಎಳೆ ಬಳ್ಳಿಗಳು ಬಳಲಿದವು. ಮಳೆ ಬಿಸಿಲು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ನೆಲ, ತಳಿ, ಮಾಡಿದವರ ಕೈಗುಣ ಎದ್ದು ಕಾಣುತ್ತವೆ. ಒಂದೇ ವರ್ಷದ್ದನ್ನು ಸಾಲಾಗಿಟ್ಟು ಕುಡಿಯುವುದು ಅದಕ್ಕೇ.

ಮೆದೋಕ್‌ನ ಬಾಟಲಿ ಮೇಲೆ ಕ್ರು ಬೂರ್ಜ್ವಾ (ಮೆದೋಕ್ ತೋಟಗಳಿಗೆ ಕೊಡುವ ಒಂದು ದರ್ಜೆ) ಎಂಬ ಚೀಟಿ ಸಿಕ್ಕರೆ ಅದನ್ನೇ ಆರಿಸಿ. 2020ರಲ್ಲಿ ಬಂದ ಅದರ ಪಟ್ಟಿ 2018ರಿಂದ 2022ರವರೆಗಿನ ಐದು ಬೆಳೆಗಳಿಗೆ ಅನ್ವಯ, ನಿಮ್ಮ ವರ್ಷ ಅದರೊಳಗೇ ಬರುತ್ತದೆ. ಇದಕ್ಕೆ ಐನೂರು ಹೆಚ್ಚು ಬೇಕಾದರೆ ಮೊದಲ ಬಾಟಲಿಯಲ್ಲಿ ಉಳಿಸಿ. ‘ಗ್ರಾಂ ವ್ಯಾಂ ದ ಬೋರ್ದೋ’ ಎಂಬ ಚಿನ್ನದ ಅಕ್ಷರಕ್ಕೆ ಮಾತ್ರ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಅದು ದರ್ಜೆಯಲ್ಲ. ಆಮದು ಸುಂಕ ವರ್ಷಗಟ್ಟಲೆ ಶೇ. 150 ಇದ್ದುದರಿಂದ ಫ್ರಾನ್ಸಿನ ಸಾಧಾರಣ ಬಾಟಲಿಯೇ ಇಲ್ಲಿ ಈ ಬೆಲೆಗೆ ಬಂದು ನಿಂತಿದೆ. 2,200ರದ್ದಕ್ಕಿಂತ 2,900ರದ್ದು ಅಷ್ಟೇ ಪ್ರಮಾಣದಲ್ಲಿ ಮೇಲು ಎಂದು ಲೆಕ್ಕ ಹಾಕಬೇಡಿ.

ಬೆಲೆಗಿಂತ ಹೆಚ್ಚು ನೋಡಬೇಕಾದ್ದು ಬಾಟಲಿ ಎಷ್ಟು ಬಿಸಿ ಉಂಡಿದೆ ಎಂಬುದನ್ನು. ಅಂಗಡಿಯ ಮುಂಗಾಜಿನಲ್ಲಿ, ಬಿಸಿಲು ಬೀಳುವಲ್ಲಿ, ದೀಪದ ಕೆಳಗೆ ನಿಲ್ಲಿಸಿದ್ದನ್ನು ಮುಟ್ಟಬೇಡಿ. ಬಾಟಲಿ ಎತ್ತಿ ಬೆಳಕಿಗೆ ಹಿಡಿಯಿರಿ, ವೈನ್ ಕತ್ತಿನೊಳಗೇ ಇರಬೇಕು, ಭುಜದ ತನಕ ಇಳಿದಿದ್ದರೆ ಬೇಡ. ಬಾಯಿಯ ತಗಡಿನ ಮೇಲೆ ಹೆಬ್ಬೆರಳು ಒತ್ತಿ. ನಡುವೆ ಉಬ್ಬು ಸಿಕ್ಕರೆ ಒಳಗಿನ ವೈನ್ ಬಿಸಿಗೆ ಹಿಗ್ಗಿ ಕಾರ್ಕನ್ನು ಮೇಲಕ್ಕೆ ದೂಡಿದೆ ಎಂದರ್ಥ. ರಾತ್ರಿ ಎಸಿ ಆರಿಸುತ್ತೀರಾ ಎಂದು ಅಂಗಡಿಯವರನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ: ರುಚಿ ನೋಡುವ ಕ್ರಮ ಹೇಗೆ? ಮನೆಯಲ್ಲಿ ವೈನ್ ಫ್ರಿಜ್ ಇಲ್ಲ. ಕೆಂಪು ವೈನನ್ನು ರೂಮಿನ ಉಷ್ಣತೆಯಲ್ಲೇ ಕುಡಿಯಬೇಕು ಎನ್ನುತ್ತಾರಲ್ಲ?
— ಕೋಥರೂಡ್, ಪುಣೆ

ಉತ್ತರ: ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ. ಬೇಕಾದ್ದು 16ರಿಂದ 18 ಡಿಗ್ರಿ. ಪುಣೆಯಲ್ಲಿ ಏಪ್ರಿಲ್ ಸಂಜೆ ನಿಮ್ಮ ಹಾಲ್ 30 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಮೊದಲು ಏಳುವುದು ಆಲ್ಕೊಹಾಲ್ ಆವಿ, ಹಣ್ಣಿನ ಪರಿಮಳ ಅದರಡಿ ಹೂತುಹೋಗುತ್ತದೆ, ಗಂಟಲು ಉರಿಯುತ್ತದೆ. 2022ರಲ್ಲಿ ಸಕ್ಕರೆ ಏರಿದ ಮೆರ್ಲೋ ಶೇ. 14ರಿಂದ 15 ಆಲ್ಕೊಹಾಲ್ ತಲುಪಿರುವುದರಿಂದ ಈ ತೊಂದರೆ ಇನ್ನೂ ಜಾಸ್ತಿ. ಹಾಗೆಂದು ತೀರಾ ತಣ್ಣಗೆ, 10 ಡಿಗ್ರಿಗೆ ಇಳಿಸಿದರೆ ಒಗರು ಒರಟಾಗುತ್ತದೆ, ಮೂಗಿಗೆ ಏನೂ ಸಿಗುವುದಿಲ್ಲ.

ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟಲಿಯನ್ನು ಕತ್ತಿನ ತನಕ ಮುಳುಗಿಸಿ. 30 ಡಿಗ್ರಿಯಿಂದ 17ಕ್ಕೆ ಇಳಿಯಲು ಸುಮಾರು 12ರಿಂದ 15 ನಿಮಿಷ. ಬರೀ ಐಸ್ ತುಂಬಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನಿಧಾನವಾಗುತ್ತದೆ. ಸಾಧಾರಣ ಫ್ರಿಜ್‌ನಲ್ಲಾದರೆ ಹೆಚ್ಚುಕಡಿಮೆ ಒಂದೂವರೆ ಗಂಟೆ ಬೇಕು. ಗ್ಲಾಸಿಗೆ ಬಿದ್ದ ಮೇಲೆ ಬೇಗ ಬಿಸಿಯೇರುವುದರಿಂದ 15-16ಕ್ಕೆ ಬಗ್ಗಿಸುವುದು ಲೇಸು. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಮೊದಲ ಗ್ಲಾಸಿನಲ್ಲಿ ಅದ್ದಿ ನೋಡಿ.

ಗ್ಲಾಸು ಎಲ್ಲವೂ ಒಂದೇ ಆಕಾರದ್ದಿರಲಿ, ಬಾಯಿ ಕಿರಿದಾಗಿರಲಿ. ಆಕಾರ ಬೇರೆಯಾದರೆ ವಾಸನೆಯೂ ಬೇರೆಯಾಗುತ್ತದೆ. ಸೋಪಿನ ವಾಸನೆ ಹೋಗುವಂತೆ ಬರೀ ಬಿಸಿನೀರಲ್ಲಿ ಜಾಲಿಸಿ. ತಲೆಗೆ 50 ಮಿ.ಲೀ. ಸಾಕು, 750 ಮಿ.ಲೀ. ಬಾಟಲಿಯಲ್ಲಿ ಅಂಥ ಹದಿನೈದು ಬರುತ್ತವೆ. ಒಮ್ಮೆ 50 ಮಿ.ಲೀ. ನೀರು ಅಳೆದು ಗ್ಲಾಸಿನ ಮೇಲೆ ಗುರುತು ಹಾಕಿಕೊಳ್ಳಿ. ಉಗುಳಲು ಒಂದು ಪಾತ್ರೆ ಇಡಿ. ನಾಲ್ಕನ್ನೂ ನುಂಗಿದರೆ 200 ಮಿ.ಲೀ. ಒಳಗೆ ಹೋಗಿ, ಕೊನೆಯ ಗ್ಲಾಸಿನ ತೀರ್ಪು ನಂಬುವಂತಿರುವುದಿಲ್ಲ.

ಬೋರ್ದೋ ಬಾಟಲಿಗಳಿಗೆಲ್ಲ ಒಂದೇ ಬಗೆಯ ಚೌಕ ಭುಜ, ಹಾಗಾಗಿ ಲೇಬಲ್ ಮುಚ್ಚಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಬಾಯಿಯ ತಗಡನ್ನು ಪೂರ್ತಿ ಕಿತ್ತುಹಾಕಿ (ಅದರ ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ), ಪೇಪರ್ ಸುತ್ತಿ, ಒಬ್ಬರು ನಂಬರ್ ಹಾಕಲಿ. ಲೇಬಲ್‌ನಲ್ಲಿ ಆಲ್ಕೊಹಾಲ್ ಕಡಿಮೆ ಇರುವುದನ್ನು ಮೊದಲು, ಹೆಚ್ಚಿರುವುದನ್ನು ಕೊನೆಗೆ. ಯುರೋಪಿನ ನಿಯಮದಲ್ಲಿ ಆಲ್ಕೊಹಾಲ್ ಅರ್ಧ ಶೇಕಡಾದಷ್ಟು ಆಚೀಚೆ ಇರಬಹುದಾದ್ದರಿಂದ 13.5 ಮತ್ತು 14 ಎಂಬ ಎರಡು ಬಾಟಲಿಗಳನ್ನು ಸಮವೆಂದೇ ತಿಳಿಯಿರಿ.

ಒಂದು ಪರೀಕ್ಷೆಯನ್ನು ಖಂಡಿತ ಮಾಡಿ. ನಾಲ್ಕು ಬಾಟಲಿಗೆ ಐದು ಗ್ಲಾಸು ಇಡಿ. ಒಂದು ವೈನನ್ನು ಎರಡು ಸಲ ಬಗ್ಗಿಸಬೇಕು. ಒಂದು ಗ್ಲಾಸಿಗೆ 17 ಡಿಗ್ರಿಯಲ್ಲಿ, ಇನ್ನೊಂದಕ್ಕೆ ಅದೇ ವೈನನ್ನು ಅರ್ಧ ಗಂಟೆ ಮೊದಲೇ ಹಾಕಿ ರೂಮಿನ ಬಿಸಿಗೆ ಏರಲು ಬಿಟ್ಟು. ಬೆಚ್ಚಗಿನದನ್ನು ಹಲವರು ‘ಇದು ಬೇರೆ, ಅಗ್ಗದ್ದು, ಖಾರ’ ಎಂದು ಬರೆಯುತ್ತಾರೆ. ಉಷ್ಣತೆ ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಪ್ರತಿ ಗ್ಲಾಸಿಗೂ ನಾಲ್ಕು ಸಾಲು ಬರೆಯಿರಿ: ವಾಸನೆ, ಹುಳಿ, ಒಗರು, ಮತ್ತು ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡ್ ನಿಂತಿತು. ಹುಳಿಗೆ ನಾಲಗೆಯ ಅಂಚಿನಲ್ಲಿ ನೀರೂರುತ್ತದೆ, ಒಗರಿಗೆ ಒಸಡು ಒಣಗಿ ಹಿಡಿದಂತಾಗುತ್ತದೆ. ಎರಡನ್ನೂ ಬೆರೆಸಬೇಡಿ. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು. ಗಟ್ಟಿ ದನಿಯವರು ಮೊದಲು ಹೇಳಿಬಿಟ್ಟರೆ ಉಳಿದವರ ನಾಲಗೆ ಅವರ ಮಾತಿಗೆ ಒಪ್ಪಿಕೊಂಡುಬಿಡುತ್ತದೆ. ಬಾಯಿ ತೊಳೆಯಲು ನೀರು ಮತ್ತು ಸಾದಾ ಲಾದಿ ಪಾವ್ ಸಾಕು. ಆ ಸಂಜೆ ಊದಿನಕಡ್ಡಿ, ಅತ್ತರು, ಒಗ್ಗರಣೆ, ಎಲೆ ಅಡಕೆ ಬೇಡ. ಫಿಲ್ಟರ್ ಕಾಫಿ ಕುಡಿದಿದ್ದರೆ ಒಂದು ಗಂಟೆ ಬಿಡಿ.

ಪ್ರಶ್ನೆ: ತೆಗೆದ ಬಾಟಲಿಯಲ್ಲಿ ಒದ್ದೆ ರಟ್ಟಿನ ವಾಸನೆ ಬಂತು. ಇನ್ನೊಂದರಲ್ಲಿ ಕೊಳೆತ ಮೊಟ್ಟೆಯದು. ಎರಡನ್ನೂ ಚೆಲ್ಲಬೇಕೇ?
— ವಾಸ್ಕೊ, ಗೋವಾ

ಉತ್ತರ: ಮೊದಲನೆಯದು ಸರಿಹೋಗುವುದಿಲ್ಲ, ಎರಡನೆಯದು ಹೋಗಬಹುದು. ರಟ್ಟಿನ ವಾಸನೆಗೆ ಕಾರಣ ಸಾಮಾನ್ಯವಾಗಿ ಕಾರ್ಕಿನಲ್ಲಿ ಬೆಳೆದ ಬೂಷ್ಟಿನಿಂದ ಹುಟ್ಟುವ ಟಿಸಿಎ ಎಂಬ ಪದಾರ್ಥ. ಗಾಳಿಗಿಟ್ಟಷ್ಟೂ ಆ ವಾಸನೆ ಜಾಸ್ತಿಯಾಗುತ್ತದೆ. ಆರೋಗ್ಯಕ್ಕೆ ತೊಂದರೆಯಿಲ್ಲ, ರುಚಿ ಮಾತ್ರ ಸತ್ತಿರುತ್ತದೆ. ಬಾಟಲಿಗೆ ಕಾರ್ಕ್ ಮರಳಿ ಒತ್ತಿ ಬಿಲ್ ಸಮೇತ ಅಂಗಡಿಗೆ ಕೊಂಡೊಯ್ಯಿರಿ. ಇದು ಮಾಡಿದವರ ತಪ್ಪೂ ಅಲ್ಲ, ಅಂಗಡಿಯವರದ್ದೂ ಅಲ್ಲ, ಆ ಒಂದು ಕಾರ್ಕಿನದು. ಅದೇ ಲೇಬಲ್‌ನ ಇನ್ನೊಂದು ಬಾಟಲಿ ಚೆನ್ನಾಗಿರಬಹುದು.

ಕೊಳೆತ ಮೊಟ್ಟೆಯ ವಾಸನೆ ಗಂಧಕದ್ದು, ಆಮ್ಲಜನಕ ಸಾಲದೆ ಬರುವಂಥದ್ದು. ಅಗಲ ಬಾಯಿಯ ಜಗ್ಗಿಗೆ ಸುರಿದು, ಚೆನ್ನಾಗಿ ಕುಲುಕಿ, ಅರ್ಧ ಗಂಟೆ ಬಿಡಿ. ಹೋಗದಿದ್ದರೆ ತೊಳೆದ ತಾಮ್ರದ ಚೂರನ್ನು ಒಂದು ಗ್ಲಾಸಿನಲ್ಲಿ ಅರ್ಧ ನಿಮಿಷ ಆಡಿಸಿ ತೆಗೆಯಿರಿ. ಗಂಧಕ ತಾಮ್ರಕ್ಕೆ ಅಂಟಿಕೊಂಡು ವಾಸನೆ ಇಳಿಯುತ್ತದೆ. ಇದು ದೋಷ ಗುರುತಿಸಲು ಮಾಡುವ ಪರೀಕ್ಷೆ, ಇಡೀ ಬಾಟಲಿಗೆ ಮಾಡಬೇಡಿ.

ಗೋವಾ ಮುಂಬೈಗಳಲ್ಲಿ ಇವೆರಡಕ್ಕಿಂತ ಹೆಚ್ಚು ಕಾಡುವುದು ಬೆಂದ ವೈನ್. ಬಣ್ಣದ ಅಂಚು ಇಟ್ಟಿಗೆಯಂತಾಗಿ, ತಾಜಾ ಹಣ್ಣಿನ ಬದಲು ಒಣದ್ರಾಕ್ಷಿ, ಕಾಸಿದ ಜಾಮ್ ವಾಸನೆ, ಕೊನೆಗೆ ಬರೀ ಕಹಿ. 2022ರಂಥ ಎಳೆಯ ವೈನ್ ಹಾಗೆ ಕಂಡರೆ ಬಂದರಿನಲ್ಲೋ ಲಾರಿಯಲ್ಲೋ ಗೋದಾಮಿನಲ್ಲೋ ಬಿಸಿ ತಿಂದಿದೆ. ಆ ಒಂದು ಬಾಟಲಿ ನೋಡಿ ಶಾತೋ ಮೇಲೆ ತೀರ್ಪು ಕೊಡಬೇಡಿ. ನೀವು ಕೊಂಡದ್ದನ್ನೂ ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಕೆಲವು ವಾರದ ಮಟ್ಟಿಗೆ ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬವೇ ಕಪಾಟಿಗಿಂತ ಸುರಕ್ಷಿತ.

ಪ್ರಶ್ನೆ: ಜತೆಗೆ ಊಟಕ್ಕೆ ಏನು? ಬಂಗುಡೆ ಪುಳಿಮುಂಚಿ ಮಾಡೋಣವೇ?
— ಥಾಣೆ

ಉತ್ತರ: ಬಂಗುಡೆ ಇನ್ನೊಂದು ದಿನಕ್ಕಿರಲಿ. ಕೆಂಪು ವೈನಿನ ಕಬ್ಬಿಣಾಂಶ ಮೀನೆಣ್ಣೆಗೆ ತಾಗಿದರೆ ಬಾಯಲ್ಲಿ ಲೋಹದ ರುಚಿ, ಕೊಳಕು ಮೀನಿನ ವಾಸನೆ ಬರುತ್ತದೆ. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಿನಲ್ಲಿ ಇದು ಜೋರು. ಖಾರ ಹೆಚ್ಚಿದ್ದರೆ ಆಲ್ಕೊಹಾಲ್‌ನ ಉರಿಯೂ ಒಗರೂ ಸೇರಿ ನಾಲಗೆ ಸುಡುತ್ತವೆ. ಬೆಲ್ಲ ಹಾಕಿದ ಸಾಂಬಾರಿನ ಜತೆ ಯಾವ ಬೋರ್ದೋವೂ ಹುಳಿ ಮತ್ತು ತೆಳ್ಳಗೆ ಎನಿಸುತ್ತದೆ, ಸಿಹಿಯ ಮುಂದೆ ಅದರ ಹಣ್ಣಿನ ರುಚಿ ಮಾಯ. ಉಪ್ಪು ಮತ್ತು ಕೊಬ್ಬು ಒಗರನ್ನು ಮೆದು ಮಾಡುತ್ತವೆ. ಹಾಗಾಗಿ ಕಾಳುಮೆಣಸಿನಲ್ಲಿ ಮಾಡಿದ ಮಟನ್ ಸುಕ್ಕ, ಒಣಮೆಣಸು ಅರ್ಧ ಕಡಿಮೆ ಮಾಡಿ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಕಂದು ಬಣ್ಣ ಬರುವ ತನಕ ಹುರಿದ ಅಣಬೆ, ಗಟ್ಟಿ ಚೀಸ್, ಬೆಲ್ಲ ಹುಣಿಸೆ ಬಿಟ್ಟು ಶೇಂಗಾ ಪುಡಿಯಲ್ಲಿ ಮಾಡಿದ ಎಣ್ಣೆಗಾಯಿ. ಇವೆಲ್ಲ ರುಚಿ ನೋಡಿ ಬರೆದಾದ ಮೇಲೆ.

ಪ್ರಶ್ನೆ: ವೈನಿಗೆ ಮೊಟ್ಟೆ ಹಾಕುತ್ತಾರಂತೆ, ನಿಜವೇ? ನಮ್ಮಲ್ಲಿ ಇಬ್ಬರು ಮೊಟ್ಟೆ ತಿನ್ನುವುದಿಲ್ಲ.
— ಔಂಧ್, ಪುಣೆ

ಉತ್ತರ: ಬೋರ್ದೋದಲ್ಲಿ ಇದು ಹಳೆಯ ಪದ್ಧತಿ. 225 ಲೀಟರಿನ ಪೀಪಾಯಿಗೆ ನಾಲ್ಕಾರು ಮೊಟ್ಟೆಯ ಬಿಳಿ ಕಲಸಿ ಹಾಕಿದರೆ ಅದು ಒರಟು ಒಗರನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಮಾಡುತ್ತಾರೆ. ಎಲ್ಲರೂ ಹೀಗೆ ಮಾಡುವುದಿಲ್ಲ, ಬಟಾಣಿಯ ಪ್ರೋಟೀನ್, ಬೆಂಟೊನೈಟ್ ಮಣ್ಣು ಬಳಸುವವರೂ ಇದ್ದಾರೆ. ಹಿಂದಿನ ಲೇಬಲ್‌ನಲ್ಲಿ ವೀಗನ್ ಗುರುತು ಇರುವುದನ್ನೇ ಆ ಇಬ್ಬರಿಗಾಗಿ ಆರಿಸಿ.

ಪ್ರಶ್ನೆ: ಗೋವಾದಲ್ಲಿ ಅಗ್ಗ. ಮುಂಬೈ ಗೆಳೆಯರಿಗೆ ನಾಲ್ಕು ಬಾಟಲಿ ಕಾರಿನಲ್ಲಿ ಒಯ್ಯಬಹುದೇ?
— ಮಡಗಾಂವ್

ಉತ್ತರ: ಬೇಡ. ಮಹಾರಾಷ್ಟ್ರದ ಸುಂಕ ಕಟ್ಟದ ಮದ್ಯ ಗಡಿ ದಾಟಿಸುವುದು ಅಪರಾಧ, ಬಾಂದಾ ಬಳಿಯ ಇನ್ಸುಲಿ ನಾಕೆಯಲ್ಲಿ ಅಬಕಾರಿ ತಪಾಸಣೆ ಇದೆ. ಮಹಾರಾಷ್ಟ್ರದಲ್ಲಿ ಕುಡಿಯುವವರಿಗೆ ಪರವಾನಗಿಯೂ ಬೇಕು, ವೈನಿಗೆ 21 ವರ್ಷ ತುಂಬಿರಬೇಕು. ವಿದೇಶದಿಂದ ಬರುವವರು ಇದ್ದರೆ ತಲೆಗೆ 2 ಲೀಟರ್ ಸುಂಕವಿಲ್ಲದೆ ತರಬಹುದು, ಅಂದರೆ 750 ಮಿ.ಲೀ.ನ ಎರಡು ಬಾಟಲಿ.

ಪ್ರಶ್ನೆ: ಉಳಿದದ್ದನ್ನು ಎಷ್ಟು ದಿನ ಇಡಬಹುದು?
— ಡೊಂಬಿವಲಿ

ಉತ್ತರ: ಅರ್ಧ ಖಾಲಿಯಾದ ಬಾಟಲಿಗೆ ಕಾರ್ಕ್ ಒತ್ತಿ ಹೊರಗಿಟ್ಟರೆ ನಮ್ಮ ಸೆಕೆಗೆ ಮಾರನೇ ದಿನವೇ ಹುಳಿವಾಸನೆ. ಮೊದಲೇ 375 ಮಿ.ಲೀ.ನ ತಿರುಪು ಮುಚ್ಚಳದ ಬಾಟಲಿಯೊಂದನ್ನು ಕುದಿನೀರಲ್ಲಿ ತೊಳೆದು ಒಣಗಿಸಿಡಿ. ದೊಡ್ಡ ಬಾಟಲಿ ತೆಗೆದ ಕೂಡಲೇ ಅರ್ಧವನ್ನು ಅದಕ್ಕೆ ಕಂಠಪೂರ್ತಿ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ, ಫ್ರಿಜ್‌ನಲ್ಲಿಡಿ. ನಾಲ್ಕೈದು ದಿನ ಚೆನ್ನಾಗಿರುತ್ತದೆ. ಕುಡಿಯುವ ಮುಂಚೆ ಅರ್ಧ ಗಂಟೆ ಹೊರಗಿಟ್ಟರೆ ಸರಿಯಾದ ಹದಕ್ಕೆ ಬರುತ್ತದೆ. 2022ರ ಫ್ರೋಂಸಾಕ್, ಮೆದೋಕ್ ಹೀಗಿಟ್ಟ ಎರಡನೇ ದಿನ ಒಗರು ತುಸು ಮೆತ್ತಗಾಗಿ ಸಿಗುತ್ತದೆ. ನಿಮ್ಮ ಮೊದಲ ದಿನದ ಚೀಟಿ ಪಕ್ಕದಲ್ಲಿಟ್ಟು ಮತ್ತೊಮ್ಮೆ ಬರೆಯಿರಿ.