ಕೊಲೆ ಕೇಸಿನ ತೊಂಬತ್ತು ದಿನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಲೆ ತನಿಖೆ ಕುರಿತು ಪ್ರಶ್ನೆ ಕಳಿಸಿ ಎಂದಿದ್ದೆವು. ಸುಳಿವು ಹೇಗೆ ಸಿಗುತ್ತದೆ ಎಂದು ಕೇಳುವವರೇ ಹೆಚ್ಚು ಇರುತ್ತಾರೆ ಅಂದುಕೊಂಡರೆ, ಬಂದ ಕಾಗದಗಳಲ್ಲಿ ಬಹಳಷ್ಟು ಪೊಲೀಸರ ಮನೆಯವೇ. ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇವೆ. ನಮ್ಮ ಕಡೆಯ ಠಾಣೆಗಳಲ್ಲಿ ಕೊಲೆಗಳನ್ನಷ್ಟೇ ನೋಡುವ ಪತ್ತೇದಾರರು ಇರುವುದಿಲ್ಲ. ಗಣಪತಿ ಬಂದೋಬಸ್ತ್‌ಗೆ ನಿಂತ ಇನ್‌ಸ್ಪೆಕ್ಟರೇ ಕೊಲೆಯ ತನಿಖಾಧಿಕಾರಿಯೂ ಹೌದು. ತಾಪತ್ರಯ ಅಲ್ಲಿಂದಲೇ ಶುರು.

ಪ್ರಶ್ನೆ: ನಮ್ಮ ಯಜಮಾನ್ರು ಇನ್‌ಸ್ಪೆಕ್ಟರ್. ಕೊಲೆ ಕೇಸ್ ಬಂತಂದ್ರ ಮನಿ ಕಡೆ ಮಾರಿ ಹಾಕೂದಿಲ್ಲ. ಯಾವಾಗ ಬರ್ತೀರಿ ಅಂದ್ರ "ಹೇಳಾಕ ಬರೂದಿಲ್ಲ" ಅಂತಾರ. ಖರೇನ ಹೇಳಾಕ ಬರೂದಿಲ್ಲೇನು? ಮಗಳ ಜಾವಳ ಇಟ್ಕೊಂಡೇವಿ, ದಿನ ಹೆಂಗ ಗೊತ್ತು ಮಾಡೂದು?
ನವನಗರ, ಹುಬ್ಬಳ್ಳಿ

ಉತ್ತರ: ಅಕ್ಕಾವ್ರೇ, ಮೊದಲ ನಾಲ್ಕೈದು ದಿನ ಖರೇನೇ ಹೇಳಲು ಬರುವುದಿಲ್ಲ. ಆಮೇಲಿನದನ್ನು ಹೇಳಬಹುದು. ಹೇಳದಿರುವುದು ರೂಢಿ ಅಷ್ಟೇ.

ಮೊದಲ ದಿನ ಎಫ್‌ಐಆರ್ ಆಗಬೇಕು, ಅದು ಕೂಡಲೇ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಸ್ಥಳ ಪಂಚನಾಮೆ, ಶವ ಪಂಚನಾಮೆ, ಆಸ್ಪತ್ರೆಯ ಶವಾಗಾರ, ಮರಣೋತ್ತರ ಪರೀಕ್ಷೆ ಒಂದರ ಬೆನ್ನಿಗೆ ಒಂದು. ಇದರ ನಡುವೆಯೇ ಸಿಸಿಟಿವಿ, ಅದರ ದೃಶ್ಯ ಉಳಿಸುವ ಪೆಟ್ಟಿಗೆ ಡಿವಿಆರ್. ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಸಣ್ಣ ಅಂಗಡಿಯ ಡಿವಿಆರ್‌ನಲ್ಲಿ ಒಂದು ವಾರದ ಹಿಂದಿನದು ಸಿಗದೇ ಹೋಗಬಹುದು. ಫೋನ್ ಕರೆಗಳ ದಾಖಲೆಗೆ ಆ ಭಯವಿಲ್ಲ, ಟೆಲಿಕಾಂ ಕಂಪನಿಗಳು ಅದನ್ನು ಕನಿಷ್ಠ 2 ವರ್ಷ ಇಡಬೇಕು. ಹಾಗಾಗಿ ಮೊದಲ ರಾತ್ರಿ ಅವರು ದುರ್ಗದಬೈಲಿನಲ್ಲಿ ಅಂಗಡಿ ಅಂಗಡಿ ಅಲೆಯುತ್ತಿದ್ದರೆ ಅದು ನೆಪವಲ್ಲ.

ಆರೋಪಿ ಸಿಕ್ಕ ಮೇಲೆ ಲೆಕ್ಕ ಸಿಗುತ್ತದೆ. ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸ್ ಕಸ್ಟಡಿ ಒಟ್ಟು 15 ದಿನ. ಹಳೆಯ ಕಾಯ್ದೆಯಲ್ಲಿ ಅದು ಮೊದಲ 15 ದಿನದಲ್ಲೇ ಮುಗಿಯುತ್ತಿತ್ತು. 2024ರ ಜುಲೈ 1ಕ್ಕೆ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನ ಪ್ರಕಾರ ಕೊಲೆಯಂಥ ಕೇಸಿನಲ್ಲಿ ಅದನ್ನು ಮೊದಲ 60 ದಿನದೊಳಗೆ ಕಂತಿನಲ್ಲಿ ಕೇಳಬಹುದು. ತನಿಖೆಗೆ ಅನುಕೂಲ, ಮನೆಗೆ ತಲೆನೋವು. ಮುಗೀತು ಅಂದುಕೊಂಡ ಓಡಾಟ 50ನೇ ದಿನಕ್ಕೆ ಮತ್ತೆ ಎದ್ದು ಬರುತ್ತದೆ. ರಿಮಾಂಡ್ (ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕಸ್ಟಡಿಗೆ ಒಪ್ಪಿಸುವುದು) ಆದ ದಿನದಿಂದ 90 ದಿನದೊಳಗೆ ಚಾರ್ಜ್‌ಶೀಟ್ ಕೋರ್ಟಿಗೆ ಹೋಗಬೇಕು. ಅದರಲ್ಲಿ ಕೊನೆಯ ಹದಿನೈದು ದಿನ ಚಾರ್ಜ್‌ಶೀಟ್ ಬರೆಯುವ ಕೆಲಸ.

ಕೇಸಿನ ಗುಟ್ಟು ಕೇಳದೆಯೇ ನೀವು ಕೇಳಬಹುದಾದವು ಮೂರು: ರಿಮಾಂಡ್ ಆದ ತಾರೀಖು ಯಾವುದು, ಕಸ್ಟಡಿ ಇನ್ನೆಷ್ಟು ದಿನ ಬಾಕಿ, ಮುಂದಿನ ದೊಡ್ಡ ಬಂದೋಬಸ್ತ್ ಯಾವಾಗ. ಡಿಸೆಂಬರ್ ಆದರೆ ಬೆಳಗಾವಿ ಅಧಿವೇಶನವನ್ನೂ ಎಣಿಸಿ. ಕಸ್ಟಡಿ ಪೂರ್ತಿ ಮುಗಿದಿದ್ದರೆ 30ರಿಂದ 70ನೇ ದಿನದ ನಡುವೆ ಜಾವಳ ಇಟ್ಟುಕೊಳ್ಳಿ. ಆರೋಪಿ ಇನ್ನೂ ತಲೆಮರೆಸಿಕೊಂಡಿದ್ದರೆ ಈ ಎಣಿಕೆ ಶುರುವೇ ಆಗಿರುವುದಿಲ್ಲ. ಆಗ ಅವರಿಗಾಗಿ ಮುಹೂರ್ತ ಕಾಯಬೇಡಿ, ಸೋದರಮಾವ ಇದ್ದರೆ ಸಾಕು.

ಠಾಣೆಯ ಕಪಾಟಿನಲ್ಲಿ ಒಂದು ಕಟ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟಿರಲಿ, ತಿಂಗಳಾದರೂ ಕೆಡುವುದಿಲ್ಲ. ಬಿಪಿ, ಶುಗರ್ ಗುಳಿಗೆ ತೆಗೆದುಕೊಳ್ಳುವವರಾದರೆ ಐದು ದಿನದ್ದು ಅಲ್ಲೂ ಇರಲಿ. ಇನ್ನೊಂದನ್ನು ಹಟ ಹಿಡಿದು ಹೇಳಿ: ರಾತ್ರಿಯೆಲ್ಲ ನಿದ್ದೆಗೆಟ್ಟವರು ತಾವೇ ಗಾಡಿ ಹೊಡೆದುಕೊಂಡು ಬರಬಾರದು. ಸತತ 17 ತಾಸು ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟು ಸಡಿಲವಾಗುತ್ತದೆ. ನಮ್ಮ ಕಾನೂನು ಚಾಲಕರಿಗೆ ಬಿಟ್ಟಿರುವ ಮಿತಿಯೇ ಶೇ 0.03. ಕುಡಿದವರನ್ನು ಹಿಡಿಯುವವರು ಕುಡಿಯದೆಯೂ ಅದೇ ಸ್ಥಿತಿಯಲ್ಲಿ ಬೈಪಾಸ್ ಹತ್ತುತ್ತಾರೆ.

ಓಣಿಯವರು "ಯಾರು ಮಾಡ್ಯಾರಂತ್ರಿ?" ಎಂದು ಕೇಳಿದರೆ ಗೊತ್ತಿಲ್ಲ ಎನ್ನಿ. ಯಜಮಾನರ ಫೋನಿನಲ್ಲಿರುವ ಆರೋಪಿಯ ಫೋಟೊ ಮನೆಯಿಂದ ವಾಟ್ಸ್ಆ್ಯಪ್‌ಗೆ ಹೋದರೆ ಗುರುತು ಪತ್ತೆ ಪರೇಡ್ ಹಾಳಾಯಿತೆಂದೇ ತಿಳಿಯಿರಿ. ಸಾಕ್ಷಿದಾರ ಗುರುತಿಸಿದ್ದು ಕೊಲೆಗಾರನನ್ನೋ, ಫೋನಿನಲ್ಲಿ ನೋಡಿದ ಮುಖವನ್ನೋ ಎಂದು ಎದುರು ವಕೀಲರು ಕೇಳುತ್ತಾರೆ.

ಪ್ರಶ್ನೆ: ಹೊಸದಾಗಿ ಪಿಎಸ್‌ಐ ಆಗಿದ್ದೇನೆ, ಎರಡು ವರ್ಷದ ಮಗನಿದ್ದಾನೆ. ಕೊಲೆ ನಡೆದ ಜಾಗದಿಂದ ನೇರ ಮನೆಗೆ ಹೋಗಬಹುದೇ? ಸಮವಸ್ತ್ರ ಹೇಗೆ ತೊಳೆಯಬೇಕು? ಸ್ಥಳದ ವಿಡಿಯೊ ಸ್ವಂತ ಫೋನಿನಲ್ಲಿ ತೆಗೆದರೆ ತೊಂದರೆಯೇ?
ರಾಣೇಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಮನೆಗೆ ಹೋಗುವ ಪ್ರಶ್ನೆಗಿಂತ ಮೊದಲು ಆರೋಪಿಯ ಹತ್ತಿರ ಹೋಗುವ ಪ್ರಶ್ನೆ ಇದೆ ತಂಗೀ. ಸ್ಥಳದಲ್ಲಿ ಶವ ಮುಟ್ಟಿದ ಸಮವಸ್ತ್ರದಲ್ಲೇ ಹೋಗಿ ಆರೋಪಿಯನ್ನು ಹಿಡಿದರೆ ಸತ್ತವರ ರಕ್ತ ನಿಮ್ಮ ತೋಳಿನಿಂದ ಅವನ ಅಂಗಿಗೆ ಅಂಟಬಹುದು. ಆಮೇಲೆ ಡಿಎನ್‌ಎ ಹೊಂದಿತು ಎಂಬ ವರದಿ ಬಂದರೂ ಆ ಕಲೆ ಯಾರಿಂದ ಬಂತು ಎಂಬ ಅನುಮಾನ ಹುಟ್ಟುತ್ತದೆ. ಶವ ಸಾಗಿಸಿದ ಜೀಪಿನಲ್ಲೇ ಆರೋಪಿಯನ್ನು ಕೂರಿಸಿದರೂ ಅದೇ ಕತೆ. ಠಾಣೆಯಲ್ಲಿ ಒಗೆದ ಸಮವಸ್ತ್ರ ಒಂದು ಜತೆ, ಬೇರೆ ಬೂಟು, ಒಂದು ಪೆಟ್ಟಿಗೆ ಕೈಗವಸು ಯಾವಾಗಲೂ ಇರಲಿ. ಸ್ಥಳ ನೋಡಿದವರೊಬ್ಬರು, ಆರೋಪಿಯ ಮೈ ತಪಾಸಣೆ ಮಾಡುವವರು ಇನ್ನೊಬ್ಬರು ಆದರೆ ಇನ್ನೂ ಚಲೋ.

ಬಟ್ಟೆ ಬದಲಿಸಿದ್ದರೆ ಮನೆಗೆ ಧಾರಾಳವಾಗಿ ಹೋಗಿ. ರಕ್ತದ ಕಲೆಗೆ ತಣ್ಣೀರು ಮಾತ್ರ. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನ್ ಹೆಪ್ಪುಗಟ್ಟಿ ದಾರಕ್ಕೆ ಕಚ್ಚಿಕೊಳ್ಳುತ್ತದೆ. ಅರ್ಧ ತಾಸು ನೆನೆಸಿ, ಸೋಪು ಹಚ್ಚಿ, ಮಗುವಿನ ಬಟ್ಟೆಯಿಂದ ಬೇರೆಯಾಗಿ ಒಗೆಯಿರಿ. ಖಾಕಿಗೆ ಬ್ಲೀಚ್ ಬೇಡ, ಬಣ್ಣ ಹೋಗುತ್ತದೆ. ಬೂಟಿನ ಅಟ್ಟೆ, ಜೀಪಿನ ನೆಲಕ್ಕೆ ಶೇ 1ರ ಸೋಡಿಯಂ ಹೈಪೊಕ್ಲೋರೈಟ್ ಸರಿ. ಪೇಟೆಯಲ್ಲಿ ಸಿಗುವ ದ್ರಾವಣ ಶೇ 5ರದ್ದಾದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಆದರೆ ಜಪ್ತಿ ಮಾಡಿದ ವಸ್ತುವಿನ ಹತ್ತಿರ ಈ ಬಾಟಲಿ ಸುಳಿಯಬಾರದು, ಡಿಎನ್‌ಎ ನಾಶವಾಗುತ್ತದೆ. ಜಪ್ತಿಯಾದ ರಕ್ತದ ಬಟ್ಟೆಯನ್ನು ನೆರಳಲ್ಲಿ ಗಾಳಿಗೆ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿಟ್ಟು ಬೂಸ್ಟು ಹಿಡಿಸುವುದು ಈಗಲೂ ನಡೆಯುವ ತಪ್ಪು, ಅದೂ ಮಳೆಗಾಲದಲ್ಲಿ.

ವಿಡಿಯೊ ವಿಷಯ. ಶೋಧ, ಜಪ್ತಿಗಳ ಚಿತ್ರೀಕರಣ ಸಂಹಿತೆಯ 105ನೇ ಕಲಮಿನ ಪ್ರಕಾರ ಕಡ್ಡಾಯ. ಇಲಾಖೆಯ ಸಾಧನವೋ ಇ-ಸಾಕ್ಷ್ಯ ಆ್ಯಪ್ಪೋ ಇದ್ದರೆ ಅದರಲ್ಲೇ ತೆಗೆಯಿರಿ. ಸ್ವಂತ ಫೋನಿನ ಗ್ಯಾಲರಿಯಲ್ಲಿ ಮಗನ ಹುಟ್ಟುಹಬ್ಬದ ಪಕ್ಕದಲ್ಲೇ ಶವದ ಚಿತ್ರವಿದ್ದರೆ ಎರಡು ಅಪಾಯ. ಮಗ ಒಂದು ದಿನ ತೆರೆದು ನೋಡುತ್ತಾನೆ. ಮತ್ತು ವಿಡಿಯೊ ಜತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಆ ಸಾಧನದ ವಿವರ, ಹ್ಯಾಶ್ ಸಂಖ್ಯೆ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ಬರೆಯಬೇಕಾದ್ದರಿಂದ ಮೂಲ ಫೋನನ್ನೇ ತನ್ನಿ ಎಂಬ ಮಾತು ಬರಬಹುದು. ಆಗ ಮನೆಯ ಚಿತ್ರಗಳೂ ಜತೆಗೆ ಹೊರಡುತ್ತವೆ.

ಇನ್ನು ರಾತ್ರಿಯ ಕರೆ. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಗಳೊಬ್ಬಳನ್ನು ಬಂಧಿಸಬೇಕಾದರೆ ವಿಶೇಷ ಕಾರಣ ಇರಬೇಕು, ಮಹಿಳಾ ಅಧಿಕಾರಿಯೇ ವರದಿ ಬರೆದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಠಾಣೆಯಲ್ಲಿ ಮಹಿಳಾ ಅಧಿಕಾರಿ ನೀವೊಬ್ಬರೇ ಆಗಿದ್ದರೆ ಆ ಫೋನು ನಿಮಗೇ. ಮಗನನ್ನು ನೋಡಿಕೊಳ್ಳಲು ಅವ್ವನೋ ಅತ್ತೆಯೋ ಇರುವ ರಾತ್ರಿಗಳ ಪಟ್ಟಿಯನ್ನು ಇನ್‌ಸ್ಪೆಕ್ಟರಿಗೆ ಮೊದಲೇ ಹೇಳಿಟ್ಟರೆ ಸಂಕೋಚಪಡುವಂಥದ್ದೇನಿಲ್ಲ. ಆ ಹೊತ್ತಿನಲ್ಲಿ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಪ್ರಶ್ನೆ: ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ನಾಯಕ ಇನ್‌ಸ್ಪೆಕ್ಟರ್, ಹೆಂಡತಿ ಬಿಟ್ಟು ಹೋಗಿದ್ದಾಳೆ, ಕೊಲೆಯ ಆರೋಪಿ ಅವನ ಭಾವಮೈದುನ. ಶವ ನೋಡಿದ ಕೂಡಲೇ "ರಾತ್ರಿ 11.20ಕ್ಕೆ ಸತ್ತಿದ್ದಾನೆ" ಅನ್ನುತ್ತಾನೆ. ಕೊನೆಗೆ ಭಾವಮೈದುನ ಠಾಣೆಯಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಯಾಗುತ್ತದೆ. ಸರಿಯಾಗಿದೆಯೇ?
ಗದಗ

ಉತ್ತರ: ಹೆಂಡತಿ ಬಿಟ್ಟು ಹೋದದ್ದೊಂದು ಸರಿಯಾಗಿದೆ. ಉಳಿದದ್ದನ್ನು ತಿದ್ದಬೇಕು.

11.20 ಎಂದು ಯಾವ ವೈದ್ಯರೂ ಹೇಳುವುದಿಲ್ಲ, ತಾಸುಗಳ ಅಂತರ ಕೊಡುತ್ತಾರೆ. ನಮ್ಮ ಹವೆಯಲ್ಲಿ ಸತ್ತ ಎರಡು-ಮೂರು ತಾಸಿಗೆ ರೆಪ್ಪೆ, ದವಡೆಯಲ್ಲಿ ಸೆಡೆತ ಶುರುವಾಗಿ ಸುಮಾರು 12 ತಾಸಿಗೆ ಮೈಯೆಲ್ಲ ಹಬ್ಬುತ್ತದೆ. ಬೇಸಿಗೆಯಲ್ಲಿ ಅದು 18ರಿಂದ 36 ತಾಸು, ಚಳಿಗಾಲದಲ್ಲಿ 24ರಿಂದ 48 ತಾಸು ಇರುತ್ತದೆ. ಬಲಗಡೆಯ ಕೆಳಹೊಟ್ಟೆ ಹಸಿರಾಗಲು ಬೇಸಿಗೆಯಲ್ಲಿ 12ರಿಂದ 18 ತಾಸು, ಚಳಿಯಲ್ಲಿ ಒಂದೆರಡು ದಿನ. ತಂಪು ದೇಶದ ಕಾದಂಬರಿಗಳಂತೆ ಮೈಬಿಸಿ ಇಳಿದ ಲೆಕ್ಕ ಹಾಕಿಸಬೇಡಿ. ಏಪ್ರಿಲ್ ಮಧ್ಯಾಹ್ನ ಗದಗದ ಬಯಲಲ್ಲಿ ಹೊರಗಿನ ಬಿಸಿಯೇ 37 ಡಿಗ್ರಿ ಮುಟ್ಟಿದರೆ ಶವ ತಣ್ಣಗಾಗುವುದೇ ಇಲ್ಲ. ನಿಖರ ಹೊತ್ತು ಬೇಕಿದ್ದರೆ ಕ್ಯಾಮೆರಾ ತನ್ನಿ, ಆದರೆ ಅದರಲ್ಲೂ ಒಂದು ತಿರುವು ಇಡಬಹುದು. ಡಿವಿಆರ್ ಗಡಿಯಾರ ಹತ್ತು-ಹದಿನೈದು ನಿಮಿಷ ಮುಂದೆ-ಹಿಂದೆ ಇರುವುದು ಸಾಮಾನ್ಯ. ಜಾಣ ಅಧಿಕಾರಿ ಜಪ್ತಿ ಮಾಡುವಾಗಲೇ ಡಿವಿಆರ್ ಸಮಯ, ನಿಜ ಸಮಯ ಎರಡನ್ನೂ ಪಂಚನಾಮೆಯಲ್ಲಿ ಬರೆಯುತ್ತಾನೆ. ಹೆಂಡತಿಯ ಜತೆ ಫೋನಿನಲ್ಲಿ ಜಗಳವಾಡುತ್ತ ನಿಮ್ಮ ನಾಯಕ ಅದನ್ನು ಬರೆಯುವುದು ಮರೆತರೆ ಕತೆಗೆ ಚಲೋ ಗಂಟು ಬಿತ್ತು.

ಭಾವಮೈದುನನ ಕೇಸನ್ನು ಅವನು ನಡೆಸಬಾರದು. ಸಂಬಂಧ ಗೊತ್ತಾದ ದಿನವೇ ಮೇಲಧಿಕಾರಿಗೆ ಬರೆದು ಕೊಟ್ಟು, ಆವರೆಗಿನ ಕೇಸ್ ಡೈರಿ ಸಮೇತ ಬೇರೆಯವರಿಗೆ ಒಪ್ಪಿಸಬೇಕು. ಮುಚ್ಚಿಟ್ಟರೆ ಶಿಕ್ಷೆಯಾದರೆ ಕೌಟುಂಬಿಕ ಸೇಡು, ಬಿಡುಗಡೆಯಾದರೆ ನೆಂಟಸ್ತಿಕೆ ಎನ್ನುತ್ತಾರೆ. ತಪ್ಪೊಪ್ಪಿಗೆಯಂತೂ ಬೇಡವೇ ಬೇಡ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. "ಕುಡಗೋಲು ಭೀಷ್ಮ ಕೆರೆ ದಂಡಿಯಲ್ಲಿ ಹೂತಿದ್ದೇನೆ" ಎಂದು ತೋರಿಸಿ, ಅದು ಅಲ್ಲೇ ಸಿಕ್ಕರೆ ಆ ಮಾತಿನಷ್ಟು ಭಾಗ ಮಾತ್ರ ಉಳಿಯುತ್ತದೆ. ಕುಡಗೋಲಿನಿಂದ ಏನು ಮಾಡಿದೆ ಎಂದದ್ದು ಉಳಿಯುವುದಿಲ್ಲ.

ಪ್ರಶ್ನೆ: ತನಿಖಾ ತಂಡದಲ್ಲಿದ್ದೇನೆ. ತಂಗಿಯ ಮದುವೆ ಕೇಸಿನ 80ನೇ ದಿನದ ಹೊತ್ತಿಗೆ ಬಂದಿದೆ. ಇನ್‌ಸ್ಪೆಕ್ಟರರ ತಾಯಿಯೂ ಆಸ್ಪತ್ರೆಯಲ್ಲಿದ್ದಾರೆ. ರಜೆ ಕೇಳಬಹುದೇ?
ಧಾರವಾಡ

ಉತ್ತರ: ಕೇಳಿ, ಆದರೆ ಇವತ್ತೇ ಕೇಳಿ. 90 ದಿನದೊಳಗೆ ಚಾರ್ಜ್‌ಶೀಟ್ ಹೋಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ, ಕೇಸು ಎಷ್ಟೇ ಗಟ್ಟಿ ಇರಲಿ. ಎಣಿಕೆಯಲ್ಲಿ ಎಡವುವುದು ಒಂದು ದಿನಕ್ಕೆ. ರಿಮಾಂಡ್ ಆದ ದಿನವನ್ನೂ ಸೇರಿಸಿ ಎಣಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿದೆ. ಜೂನ್ 1ಕ್ಕೆ ರಿಮಾಂಡ್ ಆಗಿದ್ದರೆ 90ನೇ ದಿನ ಆಗಸ್ಟ್ 29, 30 ಅಲ್ಲ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. ಅಂಥ ವರ್ಷ ಕೊನೆಯ ಮೂರು ದಿನವನ್ನು ಲೆಕ್ಕಕ್ಕೇ ಹಿಡಿಯಬಾರದು, ಇಡೀ ಠಾಣೆ ಬೀದಿಯಲ್ಲಿರುತ್ತದೆ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿಲ್ಲ ಎಂದು ಕಾಯುತ್ತ ಕೂರುವುದೂ ತಪ್ಪು. ಇದ್ದದ್ದನ್ನು ಸಲ್ಲಿಸಿ, ವರದಿ ಬಂದ ಮೇಲೆ ಹೆಚ್ಚುವರಿ ಚಾರ್ಜ್‌ಶೀಟ್ ಹಾಕಲು ಅವಕಾಶವಿದೆ.

ಹೊರಡುವ ಮುನ್ನ ಒಂದು ಹಾಳೆಯಲ್ಲಿ ಬರೆದು ಕೊಡಿ: ಯಾವ ಸಾಕ್ಷಿಯ ಹೇಳಿಕೆ ಬಾಕಿ, ಪಿಎಫ್ (ಜಪ್ತಿ ವಸ್ತುಗಳ ಪಟ್ಟಿ) ನಂಬರ್ ಪ್ರಕಾರ ಯಾವ ಮುದ್ದೆಮಾಲು ಎಲ್ಲಿದೆ, ಯಾವುದು ಎಫ್‌ಎಸ್‌ಎಲ್‌ಗೆ ಹೋಗಿದೆ, ಒಯ್ದವರು ಯಾರು, ಯಾವ ಕಂಪನಿಯಿಂದ ಯಾವ ಪ್ರಮಾಣಪತ್ರ ಬರಬೇಕು. ಬಾಯಲ್ಲಿ ಹೇಳಿ ಹೋದದ್ದು ಮದುವೆ ಮನೆಗೆ ಹತ್ತು ಫೋನಾಗಿ ಬರುತ್ತದೆ. ಕೇಸ್ ಡೈರಿಯನ್ನು ದಿನದಿನವೂ ಬರೆಯಬೇಕು. ರಜೆಯಿಂದ ಬಂದು ಆರು ದಿನದ್ದನ್ನು ಒಂದೇ ಕೂತಲ್ಲಿ ಬರೆದರೆ ಯಾರಿಗೂ ತಿಳಿಯುವುದಿಲ್ಲ ಎಂಬುದು ಭ್ರಮೆ. ಮನೆಯ ತೊಂದರೆ ಕೇಸನ್ನು ಕೆಡಿಸುವುದು ಇದೇ ದಾರಿಯಲ್ಲಿ. ಅಧಿಕಾರಿಯ ತಾಯಿ ಆಸ್ಪತ್ರೆಯಲ್ಲಿದ್ದರು ಎಂಬ ಕಾರಣಕ್ಕೆ ಯಾವ ಕೇಸೂ ಬಿದ್ದಿಲ್ಲ. ಅಧಿಕಾರಿ ತಾವೇ ಆಸ್ಪತ್ರೆಯಲ್ಲಿದ್ದ ಹೊತ್ತಿಗೇ ಪಂಚನಾಮೆ ಬರೆದಂತೆ ಸಹಿ ಹಾಕಿದ್ದರೆ ಬೀಳುತ್ತದೆ, ಆಸ್ಪತ್ರೆಯ ಟವರ್ ಅವರ ಫೋನನ್ನೂ ದಾಖಲಿಸಿರುತ್ತದೆ. ನಿಮ್ಮ ಇನ್‌ಸ್ಪೆಕ್ಟರ್ ಅಂದಿನ ಕೆಲಸವನ್ನು ಇನ್ನೊಬ್ಬ ಅಧಿಕಾರಿಗೆ ಲಿಖಿತವಾಗಿ ಒಪ್ಪಿಸಿ ತಾಯಿಯ ಹತ್ತಿರ ಕೂರಲಿ.

ಪ್ರಶ್ನೆ: ಅಪ್ಪ ಕೊಲೆ ಕೇಸುಗಳನ್ನು ನೋಡುತ್ತಾರೆ. ಈಚೆಗೆ ನಿದ್ದೆ ಬರದೆ ದಿನಾ ಕುಡಿಯುತ್ತಾರೆ. ಡಾಕ್ಟರ ಬಳಿ ಹೋದರೆ ಇಲಾಖೆಗೆ ತಿಳಿಯುತ್ತದೆ ಎಂಬ ಹೆದರಿಕೆ.
ಊರು ಬೇಡ

ಉತ್ತರ: ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ಮೂರು-ನಾಲ್ಕು ತಾಸಿಗೆ ಒಡೆಯುತ್ತದೆ. ಮರುದಿನ ಅದಕ್ಕೇ ಇನ್ನಷ್ಟು ಬೇಕೆನಿಸುತ್ತದೆ. ಹಲವು ವರ್ಷ ದಿನವೂ ಕುಡಿದವರು ತಟ್ಟನೆ ಬಿಟ್ಟರೆ ಕೈನಡುಕ, ಫಿಟ್ಸ್ ಬರಬಹುದು, ಆದ್ದರಿಂದ ಮನೆಯಲ್ಲೇ ಬಾಟಲಿ ಬಚ್ಚಿಟ್ಟು ಬಿಡಿಸಲು ಹೋಗಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ರೋಗಿಯ ವಿಷಯ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಕೊಟ್ಟ ಹಕ್ಕು. ಮೊದಲ ಮಾತು ಫೋನಿನಲ್ಲೇ ಆಗಲಿ ಎಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಶುಲ್ಕವಿಲ್ಲ. ಅಪ್ಪ ಒಪ್ಪದಿದ್ದರೆ ನೀವೇ ಕರೆ ಮಾಡಿ ಕೇಳಬಹುದು. ಅಲ್ಲಿಯವರೆಗೆ ಸರ್ವಿಸ್ ಪಿಸ್ತೂಲು ರಾತ್ರಿ ಮನೆಗೆ ಬಾರದೆ ಠಾಣೆಯಲ್ಲೇ ಜಮೆಯಾಗುವಂತೆ ಅವರನ್ನು ಒಪ್ಪಿಸಿ.

ಪ್ರಶ್ನೆ: ನಮ್ಮ ಅಣ್ಣನ ಕೊಲೆಯಾಗಿ ಎರಡು ತಿಂಗಳಾಯಿತು. ಠಾಣೆಗೆ ಹೋದರೆ ಸಾಹೇಬರು ಇಲ್ಲ ಅಂತಾರೆ, ಅವರ ಮನೆಯಲ್ಲಿ ಏನೋ ತೊಂದರೆಯಂತೆ. ನಾವೇನು ಮಾಡಬೇಕು?
ಬ್ಯಾಡಗಿ

ಉತ್ತರ: ಸಾಹೇಬರ ತೊಂದರೆ ಅವರದು, ನಿಮ್ಮ ಹಕ್ಕು ನಿಮ್ಮದು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕೆಂದು ಸಂಹಿತೆಯ 193ನೇ ಕಲಮಿನಲ್ಲಿದೆ, ಮೊಬೈಲ್ ಸಂದೇಶದಲ್ಲೂ ತಿಳಿಸಬಹುದು. ಅಪರಾಧ ಸಂಖ್ಯೆ ನಮೂದಿಸಿ ಠಾಣೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಹಾವೇರಿ ಎಸ್‌ಪಿ ಕಚೇರಿಗೆ ಕಳಿಸಿ. ಅತ್ತಿಗೆ, ಮಕ್ಕಳು ಅಣ್ಣನ ದುಡಿಮೆಯನ್ನೇ ನಂಬಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಈಗಲೇ ಹಾಕಿ. ಅದಕ್ಕೆ ಎಫ್‌ಐಆರ್, ಮರಣೋತ್ತರ ವರದಿ, ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆಗಳ ಪ್ರತಿ ಜತೆಗಿರಲಿ.